ಸರ್ವರ್‌ಗೆ ತಂಪು, ನಮಗೆ ಬೂದಿ

ವಿಶಾಖಪಟ್ಟಣದ ಡೇಟಾ ಸೆಂಟರ್‌ಗೆ (ಎಲ್ಲರ ಫೋಟೊ, ವಿಡಿಯೊ ಕೂಡಿಡುವ ಸರ್ವರ್ ಎಂಬ ಕಂಪ್ಯೂಟರ್‌ಗಳ ಗೋದಾಮು) ಐದು ವರ್ಷದಲ್ಲಿ 1,500 ಕೋಟಿ ಡಾಲರ್ ಹಾಕ್ತೀವಿ ಅಂತ 2025ರ ಅಕ್ಟೋಬರ್‌ನಲ್ಲಿ ಗೂಗಲ್ ಹೇಳಿದ್ದೇ ತಡ, ರಾಯಚೂರಿನ ಚಹಾದಂಗಡಿಯಲ್ಲಿ ಎಲ್ಲರೂ ಹೂಡಿಕೆ ತಜ್ಞರಾದರು. ‘ಅವರಿಗೆ ಸಮುದ್ರ ಇದ್ದರೆ ನಮಗೆ ಎರಡು ಹೊಳೆ ಇಲ್ಲೇನ್ರೀ? ನಮ್ಮೂರಿಗೂ ಒಂದು ಡೇಟಾ ಸೆಂಟರ್ ಬರಲಿ!’ ಎಂದು ಪುಢಾರಿಯೊಬ್ಬರು ಬೆಂಚು ಕುಟ್ಟಿದರು. ಇವೆ. ಕೃಷ್ಣಾ ಆ ಕಡೆ, ತುಂಗಭದ್ರಾ ಈ ಕಡೆ. ಕಾಲುವೆಯ ಕೊನೆಯಲ್ಲಿರುವ ರೈತ ನಡುವೆ ಕೂತು ಮುಗಿಲು ನೋಡುತ್ತಾನೆ, ಅಷ್ಟೇ.

ಕರೆಂಟೂ ನಮ್ಮದೇ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಯರಮರಸ್‌ನಲ್ಲಿ 1,600. ಕಲ್ಲಿದ್ದಲು ಇಲ್ಲೇ ಉರಿಯುತ್ತೆ. ಹಾರುಬೂದಿ ಇಲ್ಲೇ, ಮಾಳಿಗೆ ಮೇಲೆ ಒಣಹಾಕಿದ ಹಪ್ಪಳದ ಮೇಲೇ ಕೂರುತ್ತೆ. ಕರೆಂಟ್ ಮಾತ್ರ ತಂತಿ ಹಿಡಿದು ಊರು ಬಿಡುತ್ತೆ. ಪಂಪ್‌ಸೆಟ್‌ಗೆ ದಿನಕ್ಕೆ 7 ತಾಸು ತ್ರೀ ಫೇಸ್ ಅನ್ನೋದು ಲೆಕ್ಕ. ಸರ್ವರ್‌ಗೆ 24 ತಾಸು. ಕರೆಂಟ್ ಹೋದರೆ ಆ ಕ್ಷಣವೇ ಬ್ಯಾಟರಿ, ಬ್ಯಾಟರಿ ಸುಸ್ತಾಗುವ ಮೊದಲೇ ಡೀಸೆಲ್ ಜನರೇಟರ್. ಬಾಣಂತಿಗೂ ಇಷ್ಟು ಆರೈಕೆ ಸಿಗೋದಿಲ್ಲ.

ಮತ್ತೆ ಅದರ ಸೆಕೆ! ಸರ್ವರ್ ಸುತ್ತಲಿನ ಗಾಳಿ 18ರಿಂದ 27 ಡಿಗ್ರಿಯೊಳಗೆ ಇದ್ದರೆ ಚೆಂದವಂತೆ. ಮೇ ತಿಂಗಳಲ್ಲಿ ನಮ್ಮೂರು 40 ದಾಟುತ್ತೆ. ತಂಪು ಮಾಡಲು ಕೂಲಿಂಗ್ ಟವರ್ ಹಾಕಿದರೆ ನೀರು ಆವಿಯಾಗಿ ಹೋಗುತ್ತೆ. ಯಾರೋ ಮದುವೆಯಲ್ಲಿ ಒಂದೇ ಭಂಗಿಯಲ್ಲಿ ತೆಗೆಸಿಕೊಂಡ ನಲವತ್ತು ಫೋಟೊ ಬೆವರಬಾರದಲ್ವಾ? ಅದಕ್ಕೆ.

‘ಸಾವಿರಾರು ಉದ್ಯೋಗ!’ ಎಂದರು ಪುಢಾರಿ. ಕಟ್ಟುವಾಗ ಕೂಲಿ ಸಿಗುತ್ತೆ, ನಿಜ. ಕಟ್ಟಿದ ಮೇಲೆ ಬೇಕಾಗೋದು ಒಂದಿಷ್ಟು ಎಂಜಿನಿಯರ್‌ಗಳು, ಗೇಟಿಗೆ ಕಾವಲುಗಾರರು. ನಮ್ಮವರು ಬೆಂಗಳೂರಿಗೆ ಗುಳೆ ಹೋಗಲಿ, ಬೆಂಗಳೂರಿನವರ ಫೋಟೊ ಇಲ್ಲಿಗೆ ಗುಳೆ ಬಂದು ಎಸಿಯಲ್ಲಿ ಮಲಗಲಿ. ಸಮಪಾಲು!

ಮೂಲೆಯಲ್ಲಿದ್ದ ಮುದುಕ ರೈತನೊಬ್ಬ ಮೆಲ್ಲಗೆ ಕೇಳಿದ: ‘ಸಾಹೇಬ್ರ, ನನ್ನ ಪಂಪ್‌ಸೆಟ್ ಪಕ್ಕ ಒಂದು ಹಳೇ ಕಂಪ್ಯೂಟರ್ ಇಟ್ಟು, ಡೇಟಾ ಸೆಂಟರ್ ಅಂತ ಬೋರ್ಡ್ ಹಾಕಿದ್ರ, ದಿನಾಪೂರ್ತಿ ಕರೆಂಟ್ ಕೊಡ್ತಾರೇನ್ರಿ?’

ಪುಢಾರಿ ಗಂಭೀರವಾಗಿ ಯೋಚಿಸಿದರು. ಚಹಾ ಮುಗಿಸಿ, ಲೋಟ ಕೆಳಗಿಟ್ಟು ಹೇಳಿದರು:

‘ಆ ಬೋರ್ಡ್ ಬರೆಯೋ ಗುತ್ತಿಗೆ ನಮ್ಮ ಹುಡುಗನಿಗೇ ಕೊಡಬೇಕು ನೋಡು.’