ಬೊಜ್ಜು ಬಂದರೆ ನೆನಪು ಮಂಕಾಗುತ್ತದೆಯೇ?

ಪರ: ಹೌದು, ಹೊಟ್ಟೆಯ ಲೆಕ್ಕ ತಲೆಗೂ ಬರುತ್ತದೆ

ಬೊಜ್ಜು ಅಂದ ತಕ್ಷಣ ಹೃದಯ, ಶುಗರ್, ಮಂಡಿನೋವು ನೆನಪಾಗುತ್ತವೆ. ಮೆದುಳಿನ ಮಾತು ಯಾರೂ ಎತ್ತುವುದಿಲ್ಲ.

ಇಲಿಗಳ ಮೇಲೆ ಮಾಡುವ ಒಂದು ಪರೀಕ್ಷೆ ಇದೆ. ಪೆಟ್ಟಿಗೆಯಲ್ಲಿ ಎರಡು ವಸ್ತು ಇಟ್ಟು ಇಲಿಯನ್ನು ಬಿಡುತ್ತಾರೆ. ಅದು ಎರಡನ್ನೂ ಮೂಸಿ ನೋಡುತ್ತದೆ. ಸ್ವಲ್ಪ ಹೊತ್ತು ಅದನ್ನು ಹೊರಗಿಟ್ಟು, ಒಂದು ವಸ್ತುವಿನ ಜಾಗ ಬದಲಿಸಿ, ಮತ್ತೆ ಬಿಡುತ್ತಾರೆ. ಮಾಮೂಲಿ ಇಲಿ ‘ಇದು ಇಲ್ಲಿರಲಿಲ್ವಲ್ಲಾ’ ಅನ್ನುವ ಹಾಗೆ ಜಾಗ ಬದಲಾದದ್ದರ ಸುತ್ತಲೇ ಸುಳಿಯುತ್ತದೆ. ಕೊಬ್ಬು, ಸಕ್ಕರೆ ತಿನ್ನಿಸಿದ ಇಲಿಗೆ ಎರಡೂ ಒಂದೇ. ಜಾಗದ ನೆನಪು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಕೆಲಸ. ನಾವು ಹೊಸದಾಗಿ ಏನೇ ಕಲಿತರೂ ಅದು ನೆನಪಿನಲ್ಲಿ ಉಳಿಯುವುದು ಬಹುಪಾಲು ಅದರ ದಯೆಯಿಂದಲೇ.

ಮೈಯಲ್ಲಿ ಸೇರಿದ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಇನ್ಸುಲಿನ್ ಮಾತನ್ನು ದೇಹ ಕೇಳದಂತಾಗುತ್ತದೆ. ಕತ್ತಿನ ಸುತ್ತ ಕೊಬ್ಬು ಬೆಳೆದು, ರಾತ್ರಿ ಉಸಿರು ಕಟ್ಟಿ, ನಿದ್ದೆ ಚೂರುಚೂರಾಗುತ್ತದೆ. ಹಗಲು ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ ಅಲ್ವಾ?

ಮರೆಗುಳಿತನದ (ಡಿಮೆನ್ಷಿಯಾ ಕಾಯಿಲೆಯ) ಬಗ್ಗೆ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2017, 2020, 2024ರಲ್ಲಿ ವರದಿ ಕೊಟ್ಟಿತು. ತಡೆಯಬಹುದಾದ ಕಾರಣಗಳ ಪಟ್ಟಿಯಲ್ಲಿ ನಡುವಯಸ್ಸಿನ ಬೊಜ್ಜು ಮೂರೂ ಸಲ ಇತ್ತು.

ವಿರೋಧ: ತಕ್ಕಡಿಯಲ್ಲಿ ಬುದ್ಧಿ ತೂಗಬೇಡಿ

ಇಲಿಗಳ ಕಥೆ ಸರಿ, ಆದರೆ ಪೂರ್ತಿ ಹೇಳಬೇಕು. ಅಂಥ ಕೆಲವು ಪ್ರಯೋಗಗಳಲ್ಲಿ ಇಲಿಗಳ ಜಾಗದ ನೆನಪು ಕೆಟ್ಟದ್ದು ಒಂದು ವಾರ ತುಂಬುವ ಮೊದಲೇ. ಅಷ್ಟರಲ್ಲಿ ಎಲ್ಲಿಯ ಬೊಜ್ಜು?

ಮನುಷ್ಯರಲ್ಲೂ ಇದೇ ಕಂಡಿದೆ. ಸಿಡ್ನಿಯಲ್ಲಿ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಬೊಜ್ಜಿಲ್ಲದ, ಆರೋಗ್ಯವಂತ 110 ಯುವಜನರ ಮೇಲೆ ಪ್ರಯೋಗ ಮಾಡಿ, 2020ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ಒಂದು ವಾರ ವಾಫಲ್, ಫಾಸ್ಟ್ ಫುಡ್. ವಾರ ಮುಗಿಯುವಷ್ಟರಲ್ಲಿ ಅವರ ನೆನಪಿನ ಅಂಕ ಇಳಿದಿತ್ತು. ಹೊಟ್ಟೆ ತುಂಬಿದ್ದರೂ ತಿಂಡಿ ಕಂಡರೆ ಬಾಯಿ ನೀರೂರುವುದು ಹೆಚ್ಚಿತ್ತು. ಇವರೆಲ್ಲ ತೆಳ್ಳಗಿನವರು! ಅಂದರೆ ತಪ್ಪು ಊಟದ್ದು, ದೂರು ಮಾತ್ರ ದಪ್ಪಗಿರುವವರ ಮೇಲೆ. ಅದೇ ಊಟ ಮಾಡಿ ಸಣ್ಣಗೇ ಇರುವವರನ್ನು ಯಾರೂ ಕೇಳುವುದಿಲ್ಲ.

ಇನ್ನು ಬುದ್ಧಿಮತ್ತೆ. ನ್ಯೂಜಿಲೆಂಡ್‌ನ ಡನೀಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರ ಜನರನ್ನು ಬಾಲ್ಯದಿಂದಲೇ ಗಮನಿಸುತ್ತಾ ಬಂದಿದ್ದಾರೆ. 38ರ ವಯಸ್ಸಿನಲ್ಲಿ ಬೊಜ್ಜಿದ್ದವರ ಐಕ್ಯೂ ಸರಾಸರಿ ಸ್ವಲ್ಪ ಕಡಿಮೆಯೇ ಇತ್ತು. ಆದರೆ ಬಾಲ್ಯದಲ್ಲೂ ಹಾಗೇ ಇತ್ತು. ದಪ್ಪಗಾದ ಮೇಲೆ ಇಳಿದದ್ದಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ತಂಡ 1998ರಲ್ಲಿ ಪ್ರಕಟಿಸಿದ ಪ್ರಯೋಗ. ಹೊಸ ನೆನಪು ನಿಲ್ಲದ ಇಬ್ಬರು ರೋಗಿಗಳಿಗೆ ಮಧ್ಯಾಹ್ನದ ಊಟ ಕೊಟ್ಟರು. ಅರ್ಧ ಗಂಟೆಯೊಳಗೆ ಮತ್ತೆ ಊಟ ತಂದಿಟ್ಟರು. ಅದನ್ನೂ ತಿಂದರು! ಮೂರನೆಯ ಊಟಕ್ಕೂ ಸಾಮಾನ್ಯವಾಗಿ ಬೇಡ ಅನ್ನಲಿಲ್ಲ. ಉಂಡದ್ದು ನೆನಪಿದ್ದರೆ ತಾನೇ ಸಾಕು ಅನ್ನಿಸುವುದು? ಬೊಜ್ಜಿನಿಂದ ಮರೆವು ಅನ್ನುವವರು, ಮರೆವಿನಿಂದಲೂ ಬೊಜ್ಜು ಬರಬಹುದು ಎಂಬುದನ್ನು ಯೋಚಿಸಿದ್ದಾರಾ?

ಲ್ಯಾನ್ಸೆಟ್ ಪಟ್ಟಿಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ 2015ರಲ್ಲಿ ಬ್ರಿಟನ್ನಿನ ಸುಮಾರು 20 ಲಕ್ಷ ಜನರ ವೈದ್ಯಕೀಯ ದಾಖಲೆ ಜಾಲಾಡಿದ ಅಧ್ಯಯನ ತದ್ವಿರುದ್ಧ ಹೇಳಿತು. ತೂಕ ತೀರಾ ಕಡಿಮೆ ಇದ್ದವರಲ್ಲೇ ಮರೆಗುಳಿತನ ಜಾಸ್ತಿ ಕಂಡಿತ್ತು. ಕಾಯಿಲೆ ಹೊರಗೆ ಕಾಣಿಸುವ ಎಷ್ಟೋ ವರ್ಷ ಮೊದಲೇ ತೂಕ ಇಳಿಯತೊಡಗುತ್ತದೆ, ಅದರಿಂದ ಲೆಕ್ಕ ಏರುಪೇರಾಗುತ್ತದೆ ಎಂಬ ವಾದವೂ ಇದೆ. ಇರಲಿ. ಆದರೆ ಇಷ್ಟು ಗೋಜಲಿರುವಾಗ ‘ದಪ್ಪಗಿದ್ದೀಯ, ಅದಕ್ಕೇ ಮರೆವು’ ಎಂದು ಹೇಳಿ ಕಳಿಸಿದರೆ, ಆ ಮನುಷ್ಯನ ನಿದ್ದೆ, ಥೈರಾಯ್ಡ್, ಖಿನ್ನತೆ ಯಾವುದನ್ನೂ ಆಮೇಲೆ ಯಾರೂ ಪರೀಕ್ಷಿಸುವುದಿಲ್ಲ.