ಜಿಗಿ ಇಲ್ಲದ ಹುಡುಗ

ಗೋಧಿ ತಿನ್ನಬಾರದು ಅನ್ನೋ ಕಾಯಿಲೆ ಧಾರವಾಡದಲ್ಲಿ ಇರೋನಿಗೆ ಬಂದರೆ ಅದೇನು ದೊಡ್ಡ ವಿಷಯ, ಜೋಳದ ರೊಟ್ಟಿ ಇದೆಯಲ್ಲ ಅಂತ ಎಲ್ಲರೂ ಸಮಾಧಾನ ಮಾಡಿದರು. ನಾನೂ ಹಾಗೇ ಅಂದುಕೊಂಡಿದ್ದೆ.

ಕಾಯಿಲೆಯ ಹೆಸರು ಸೀಲಿಯಾಕ್. ಊರಿಗೆ ಫೋನ್ ಮಾಡಿ ಅಜ್ಜಿಗೆ ಹೇಳಿದೆ.

"ಯಾಕ?"

"ಸೀಲಿಯಾಕ್, ಅಜ್ಜಿ."

"ಅದನ್ನ ಕೇಳಾಕತ್ತೇನಿ, ಯಾಕ?"

ಬ್ಯಾಲೆನ್ಸ್ ಮುಗಿಯೋವರೆಗೂ ಹೀಗೇ ನಡೆಯಿತು.

ಅದಕ್ಕೂ ಮುಂಚೆ ಎರಡು ವರ್ಷ ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ನುಂಗಿದ್ದೆ. ರಕ್ತ ಏರಲಿಲ್ಲ, ಹೊಟ್ಟೆ ಉಬ್ಬರ ಇಳಿಯಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಟಿಟಿಜಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಗಂಟಲಲ್ಲಿ ಪೈಪು ಇಳಿಸಿ ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಗೋಧಿ, ಬಾರ್ಲಿ, ರೈ ಅನ್ನೋ ಧಾನ್ಯಗಳಲ್ಲಿ ಗ್ಲುಟೆನ್ ಅನ್ನೋ ಪ್ರೋಟೀನ್ ಇರುತ್ತಂತೆ, ಅದು ಒಳಗೆ ಹೋದರೆ ನನ್ನದೇ ಮೈಯ ಕಾವಲುಗಾರರು ನನ್ನದೇ ಕರುಳಿಗೆ ಬಡಿಯುತ್ತಾರಂತೆ. ಹೊಸ ಟವೆಲ್ ಥರ ಜುಂಗು ಜುಂಗಾಗಿ ಇರಬೇಕಾದ ಕರುಳು ಹಾಸ್ಟೆಲ್ ಟವೆಲ್ ಥರ ಸವೆದು ಹೋಗಿತ್ತು. ತಿಂದದ್ದು ಮೈಗೆ ಹತ್ತೋದು ಹೇಗೆ? ಇದಕ್ಕೆ ಮಾತ್ರೆ ಇಲ್ಲ. ಗೋಧಿ ಬಿಡಬೇಕು, ಅದೂ ಜೀವನಪೂರ್ತಿ.

ಸಪ್ತಾಪುರದ ನನ್ನ ಪಿಜಿಯಲ್ಲಿ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಚಪಾತಿ, ಹಬ್ಬ ಬಂದರೆ ಶ್ಯಾವಿಗೆ ಪಾಯಸ. ಅಂದರೆ ಗೋಧಿ, ಗೋಧಿ, ಸಿಹಿ ಗೋಧಿ. ಸರಿ ಅಂತ ಹತ್ತಿರದ ಖಾನಾವಳಿ ಹಿಡಿದೆ. ಅಲ್ಲಿ ರೊಟ್ಟಿ ಬಡಿಯೋ ಅಕ್ಕನಿಗೆ ಮೊದಲ ದಿನವೇ ಹೇಳಿದ್ದೆ, ಗೋಧಿ ಮುಟ್ಟೋ ಹಾಗಿಲ್ಲ ಅಂತ. "ಇದು ಬಿಳಿಜೋಳದ್ದ ತಮ್ಮಾ, ಕಣ್ಣ ಮುಚಗೊಂಡು ತಿನ್ನು" ಅಂದಳು. ಕಣ್ಣು ಮುಚ್ಚಿಕೊಂಡೇ ತಿಂದೆ. ಮೂರು ವಾರ ಕ್ಲಾಸಿಗಿಂತ ಜಾಸ್ತಿ ಹೊತ್ತು ಪಾಯಖಾನೆಯಲ್ಲಿ ಕಳೆದೆ.

ಒಂದು ದಿನ ಬೇಗ ಹೋಗಿ ಒಲೆ ಹತ್ತಿರ ಕೂತೆ. ಅಕ್ಕ ಪರಾತದಲ್ಲಿ ಜೋಳದ ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯೋ ನೀರು ಸುರಿದಳು, ಕೈ ಸುಟ್ಟರೂ ಲೆಕ್ಕಕ್ಕಿಲ್ಲದೆ ನಾದಿದಳು. ಆಮೇಲೆ ಪಕ್ಕದ ಡಬ್ಬಿಯಿಂದ ಒಂದು ಮುಷ್ಟಿ ಬೇರೆ ಹಿಟ್ಟು ತೆಗೆದು ಉದುರಿಸಿದಳು.

"ಅಕ್ಕಾ, ಅದೇನು?"

"ಗೋಧಿ ಹಿಟ್ಟು. ಈ ಸಲದ ಜೋಳಕ್ಕ ಜಿಗಿನ ಇಲ್ಲ ನೋಡು, ಬಡಿಯಾಕ ಹೋದ್ರ ಹರೀತದ."

"ಗೋಧಿ ಇಲ್ಲ ಅಂದಿದ್ರಿ?"

"ರೊಟ್ಟಿ ಜೋಳದ್ದ ಅಲ್ಲೇನ? ಗೋಧಿ ಬರೇ ಜಿಗಿಗೆ!"

ಡಾಕ್ಟರು ಅರ್ಧ ಗಂಟೆ ಚಿತ್ರ ಬರೆದು ಹೇಳಿದ್ದನ್ನು ಅಕ್ಕ ಒಂದೇ ಮಾತಲ್ಲಿ ಮುಗಿಸಿದಳು. ಗ್ಲುಟೆನ್ ಅಂದರೆ ಆ ಜಿಗಿಯೇ, ಹಿಟ್ಟನ್ನು ಹಿಡಿದಿಡೋ ಅಂಟು. ನನಗೆ ಆಗದೇ ಇರೋದು ಅದೇ ಅಂತ ಹೇಳಿದ ಮೇಲೆ ಅವಳು ಹಣೆ ಬಡಿದುಕೊಂಡಳು. ಅವತ್ತಿನಿಂದ ನನಗೆ ಬೇರೆ ಹಿಟ್ಟು. ನನ್ನ ರೊಟ್ಟಿ ಭಾರತದ ನಕ್ಷೆ ಥರ ಹರಿದಿರುತ್ತೆ, ಕೆಲವು ಸಲ ಲಂಕೆಯೂ ಬೇರೆಯಾಗಿ ಬರುತ್ತೆ.

ಇಷ್ಟಾದರೂ ಹೊಟ್ಟೆ ಪೂರ್ತಿ ಸುಮ್ಮನಾಗಲಿಲ್ಲ. ಅಜ್ಜಿ ಕಳಿಸಿದ ಶೇಂಗಾ ಚಟ್ನಿಪುಡಿ ಮೇಲೆ ಅನುಮಾನ ಪಡೋಕೆ ಮನಸ್ಸು ಬರುತ್ತಾ? ಬರಲಿಲ್ಲ. ಆದರೆ ಅದಕ್ಕೆ ಹಾಕೋ ಮನೆಯ ಇಂಗಿನ ಡಬ್ಬಿ ತಿರುಗಿಸಿ ಓದಿದರೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು! ಸುಮ್ನೆ ಇಂಗು ಮಾರೋಕೆ ಇವರಿಗೆ ಏನಾಗಿತ್ತೋ.

ಉಳಿದದ್ದು ಗಿರಣಿ. ಗೋಧಿ ಬೀಸಿದ ಕಲ್ಲಲ್ಲೇ ಜೋಳ ಬೀಸುತ್ತಾರೆ. ಗ್ಲುಟೆನ್ ಇಲ್ಲ ಅಂತ ಪ್ಯಾಕೆಟ್ ಮೇಲೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಇದೆ. ಅದನ್ನು ಗಿರಣಿ ಕಾಕಾನಿಗೆ ಹೇಳಿದೆ. ಮೀಸೆ, ಹುಬ್ಬು, ಕಿವಿ ಎಲ್ಲಾ ಹಿಟ್ಟು ಮೆತ್ತಿಕೊಂಡಿದ್ದ ಆತ ನನ್ನನ್ನೇ ನೋಡಿ, "ನನ್ನ ಮೀಸ್ಯಾಗ ಅದಕ್ಕಿಂತ ಜಾಸ್ತಿ ಐತಿ" ಅಂದ. ಕೊನೆಗೆ ನೂರಾರು ರೂಪಾಯಿ ಉಳಿಸಿ ಒಂದು ಸಣ್ಣ ಮಿಕ್ಸರ್ ತಗೊಂಡೆ, ಜೋಳ ರೂಮಲ್ಲೇ ಪುಡಿ ಮಾಡ್ತೀನಿ. ರೂಮ್‌ಮೇಟ್ ಮಧ್ಯರಾತ್ರಿ ಎದ್ದು ಏನು ಬಾಂಬ್ ಮಾಡ್ತೀಯಾ ಅಂತಾನೆ.

ಗಿರಣಿ ಮುಂದೆ ಹಾದು ಹೋದರೆ ಕಾಕಾ ಈಗಲೂ ಮರೆತಿಲ್ಲ. ಸಾಲಲ್ಲಿ ನಿಂತ ಹೆಂಗಸರಿಗೆಲ್ಲ ಕೇಳೋ ಹಾಗೆ ಕೂಗುತ್ತಾನೆ:

"ಏ, ಜಿಗಿ ಇಲ್ಲದ ಹುಡುಗ ಹೊಂಟ ನೋಡ್ರಿ!"