ಸತ್ಯಾಂಶ: ಕೂಲರ್ ತಳ ಉಜ್ಜಿದರೆ ಪ್ರೊಸೆಸರ್ ತಣ್ಣಗಾಗುತ್ತಾ?

‘ಕೂಲರ್ ತಳವನ್ನು ಕನ್ನಡಿಯಂತೆ ಹೊಳೆಯುವ ತನಕ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, 20 ಡಿಗ್ರಿ ಇಳಿಯುತ್ತೆ’ ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇಲ್ಲಿ ಕೂಲರ್ ಅಂದರೆ ಕಂಪ್ಯೂಟರ್ ಪ್ರೊಸೆಸರ್ ಮೇಲೆ ಕೂತು ಅದರ ಬಿಸಿಯನ್ನು ಹೊರಹಾಕುವ ಲೋಹದ ಭಾಗ. ಪೂರ್ತಿ ಸುಳ್ಳಲ್ಲ. ಆದರೆ ಬೇಕಿರುವುದು ಹೊಳಪಲ್ಲ, ಸಮತಟ್ಟು. ತಾಮ್ರ ಗಾಳಿಗಿಂತ ಸುಮಾರು 15,000 ಪಟ್ಟು ಜಾಸ್ತಿ ಬಿಸಿ ಸಾಗಿಸುತ್ತದೆ ನಿಜ, ಆದರೆ ಸಣ್ಣ ಗೀರುಗಳಲ್ಲಿರುವ ಗಾಳಿಯನ್ನು ಹೊರದಬ್ಬಲು ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಇದೆಯಲ್ವಾ?

ಸ್ಟೀಲ್ ಸ್ಕೇಲಿನ ಅಂಚನ್ನು ತಳದ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಅಲ್ಲಿ ತಗ್ಗಿದೆ. ಉಜ್ಜಿದರೆ ಕೆಲವು ಡಿಗ್ರಿ ಇಳಿಯಬಹುದು. ಅಂಚುಗಳಲ್ಲಿ ತೂರಿದರೆ ನಡು ಉಬ್ಬಿದೆ. ಬಿಗಿದಾಗ ಮಧ್ಯದಲ್ಲಿ ಒತ್ತಡ ಬೀಳಲಿ ಅಂತ ಕೆಲವು ಕೂಲರ್‌ಗಳನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ಅದನ್ನು ಸುಮ್ನೆ ಬಿಡಿ. ಹೀಟ್‌ಪೈಪ್ (ಒಳಗಿನ ದ್ರವದ ಮೂಲಕ ಬಿಸಿ ಸಾಗಿಸುವ ಲೋಹದ ಕೊಳವೆ) ನೇರವಾಗಿ ಕಾಣುವ ತಳವನ್ನಂತೂ ಮುಟ್ಟಲೇಬೇಡಿ. ಪೈಪಿನ ಗೋಡೆ ತೆಳು, ತೂತಾದರೆ ಒಳಗಿನ ದ್ರವ ಹೋಗಿ ಪೈಪ್ ಕೆಲಸವನ್ನೇ ನಿಲ್ಲಿಸುತ್ತದೆ.